ನಿಂತಾಗ ಸೋರುವ ಕಾರು

ಆ ಡಿಸೆಂಬರಿನಲ್ಲಿ ನನಗೊಂದು ಹೊಸ ಚಟ ಅಂಟಿಕೊಂಡಿತ್ತು. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಶೆಡ್ಡಿಗೆ ಹೋಗಿ ಕಾರಿನ ಕೆಳಗೆ ಬಗ್ಗಿ ನೋಡುವುದು. ಹಿಂದಿನ ಎಡಚಕ್ರದ ಕೆಳಗೆ ಎಂಟಾಣೆ ನಾಣ್ಯದಷ್ಟು ಒಂದು ಒದ್ದೆ ಕಲೆ. ಬ್ರೇಕ್ ಆಯಿಲ್ ಇರಬೇಕು ಅಂತ ನನ್ನ ಅನುಮಾನ. ಒರೆಸಿ ಹಾಕುತ್ತಿದ್ದೆ. ಕಾರು ತೆಗೆದುಕೊಂಡು ತೀರ್ಥಹಳ್ಳಿ ಪೇಟೆಗೆ ಹೋಗಿ, ದಾರಿಯಲ್ಲಿ ನಾಲ್ಕು ಕಡೆ ನಿಲ್ಲಿಸಿ ಇಣುಕುತ್ತಿದ್ದೆ. ಒಣ. ವಾಪಸ್ ಬಂದು ಮಧ್ಯಾಹ್ನ ನೋಡಿದರೂ ಒಣ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಅದೇ ಜಾಗದಲ್ಲಿ ಅದೇ ಎಂಟಾಣೆ. ಓಡುವಾಗ ಏನೂ ಇಲ್ಲ, ನಿಂತಾಗ ಮಾತ್ರ ಸೋರುತ್ತೆ. ಬ್ರೇಕ್ ಒತ್ತಿದಾಗ ತಾನೇ ಒಳಗೆ ಒತ್ತಡ ಇರುವುದು? ಸೋರುವುದಾದರೆ ಆಗ ಸೋರಬೇಕು. ಯಾರೂ ಮುಟ್ಟದೆ ಸುಮ್ನೆ ನಿಂತಿರುವಾಗ ಯಾಕೆ?

ಅಪ್ಪಯ್ಯನಿಗೆ ಹೇಳಿದರೆ ಅವರ ಉತ್ತರ ಮೊದಲಿಂದಲೂ ಒಂದೇ. "ಆಯಿಲ್ ಕಮ್ಮಿ ಆಗಿರತ್ತೆ ಮಾರಾಯ. ಸ್ವಲ್ಪ ಹಾಕು, ಸರಿ ಹೋಗತ್ತೆ."

ಕಾರು 1978ರ ಪ್ರೀಮಿಯರ್ ಪದ್ಮಿನಿ. ನಮ್ಮನೆಯಲ್ಲಿ ಯಾರೂ ಅದನ್ನು ಪದ್ಮಿನಿ ಅಂದಿಲ್ಲ, ಫಿಯಟ್ ಅಂತಲೇ ಕರೆದದ್ದು. ಬೊಂಬಾಯಿಯ ಕುರ್ಲಾದಲ್ಲಿ 1964ರಿಂದ ತಯಾರಾಗುತ್ತಿದ್ದ ಫಿಯಟ್ 1100ಡಿ ಕಾರಿಗೇ ಮುಂದೆ ಪದ್ಮಿನಿ ಅಂತ ಹೆಸರಿಟ್ಟದ್ದು ಅಷ್ಟೇ. ಒಳಗೆ ಕೂತವರಿಗೆ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಅಪ್ಪಯ್ಯ ಅದನ್ನು ಒಬ್ಬ ಡಾಕ್ಟರ ಕೈಯಿಂದ ಸೆಕೆಂಡ್ ಹ್ಯಾಂಡ್ ತಗೊಂಡದ್ದು 1986ರಲ್ಲಿ. ಕಣ್ಣಿನ ಒತ್ತಡ ಜಾಸ್ತಿಯಾಗಿ, ದೃಷ್ಟಿ ಎರಡೂ ಬದಿಯಿಂದ ಮುಚ್ಚುತ್ತಾ ಬಂದು, 2014ರಲ್ಲಿ ಕೀಲಿಯನ್ನು ಮೊಳೆಗೆ ನೇತುಹಾಕಿದರು. ಅಲ್ಲಿಂದ ಏಳು ವರ್ಷ ಕಾರು ಶೆಡ್ಡಿನಲ್ಲಿತ್ತು. ಅದರ ಮೇಲೆ ಟಾರ್ಪಾಲು, ಟಾರ್ಪಾಲಿನ ಮೇಲೆ ಅಡಿಕೆ ಚೀಲ. 2021ರ ಕೊನೆಯಲ್ಲಿ ನಾನು ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದು ಕೂತಾಗ ಚೀಲ ಇಳಿಸಿದೆ. ಎಂಜಿನ್ ಎಬ್ಬಿಸುವುದು ಎರಡು ದಿನದ ಕೆಲಸ. ಬ್ರೇಕ್ ಸರಿ ಮಾಡಲು ಐದು ತಿಂಗಳು ಹಿಡಿಯಿತು.

ಆಗುಂಬೆಯ ತಿರುವು

ಆಯಿಲ್ ಹಾಕಿದರೆ ಸರಿ ಹೋಗುತ್ತೆ ಎಂಬ ನಂಬಿಕೆ ನಮ್ಮನೆಗೆ ಎಲ್ಲಿಂದ ಬಂತು ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಆಗುಂಬೆ ಘಾಟಿಯಿಂದ ಬಂದದ್ದು.

ನನಗಾಗ ಹತ್ತು ವರ್ಷ. ಉಡುಪಿಯಲ್ಲಿ ಅಮ್ಮನ ಕಡೆಯವರ ಮದುವೆ. ಕಾರಿನಲ್ಲಿ ಏಳು ಜನ, ಡಿಕ್ಕಿಯಲ್ಲಿ ಎರಡು ಬಾಳೆಗೊನೆ, ಒಂದು ಉಪ್ಪಿನಕಾಯಿ ಭರಣಿ. ಘಾಟಿಯ 14 ತಿರುವಿನಲ್ಲಿ ನಾಲ್ಕೋ ಐದೋ ಇಳಿದಿದ್ದೆವು. ಮುಂದೆ ಒಂದು ಲಾರಿ ತೆವಳುತ್ತಿತ್ತು. ಅದರ ಹಿಂದೆ ಬ್ರೇಕ್ ಒತ್ತುವುದು, ಬಿಡುವುದು, ಒತ್ತುವುದು. ಇದ್ದಕ್ಕಿದ್ದ ಹಾಗೆ ಅಪ್ಪಯ್ಯನ ಬಲಗಾಲು ನೆಲದವರೆಗೂ ಹೋಯಿತು. ನಾನು ಮುಂದಿನ ಸೀಟಿನಲ್ಲಿ ಅಮ್ಮನ ತೊಡೆ ಮೇಲಿದ್ದೆ, ಅದನ್ನು ನೋಡಿದೆ. ಅವರು ಕೂಗಲಿಲ್ಲ. ಪೆಡಲನ್ನು ಪಟಪಟ ಪಂಪ್ ಮಾಡಿದರು, ಸ್ಟೇರಿಂಗ್ ಪಕ್ಕದ ಗೇರನ್ನು ಫಸ್ಟಿಗೆ ಎಳೆದರು, ಹ್ಯಾಂಡ್ ಬ್ರೇಕ್ ಎತ್ತಿದರು. ಕಾರು ಗೊರಗೊರ ಅನ್ನುತ್ತಾ ಬೆಟ್ಟದ ಬದಿಯ ಚರಂಡಿಗೆ ಒಂದು ಚಕ್ರ ಇಳಿಸಿ ನಿಂತಿತು. ಹಿಂದೆ ಕೂತಿದ್ದ ದೊಡ್ಡಮ್ಮ, "ಯಾಕೆ ನಿಲ್ಸಿದ್ದು, ಮಂಗ ಬಂತಾ?" ಅಂತ ಕೇಳಿದರು. ಅವರಿಗೆ ಗೊತ್ತೇ ಆಗಿರಲಿಲ್ಲ.

ಅಪ್ಪಯ್ಯ ಬಾನೆಟ್ ತೆಗೆದು ಆಯಿಲ್ ಡಬ್ಬಿ ನೋಡಿದರು. ಸ್ವಲ್ಪ ಕಮ್ಮಿ ಇತ್ತು. ಸೀಟಿನ ಕೆಳಗಿದ್ದ ಬಾಟಲಿಯಿಂದ ತುಂಬಿಸಿದರು. ಎಲ್ಲರೂ ಇಳಿದು ಕಿತ್ತಳೆ ಸುಲಿದು ತಿಂದೆವು. ಅರ್ಧ ಗಂಟೆ ಬಿಟ್ಟು ಪೆಡಲ್ ಒತ್ತಿದರೆ ಕಲ್ಲಿನ ಹಾಗೆ ಗಟ್ಟಿ! ಸೋಮೇಶ್ವರದವರೆಗೆ ಫಸ್ಟ್ ಗೇರಿನಲ್ಲೇ ಇಳಿದು, ಮದುವೆ ಊಟ ಮಾಡಿ, ವಾಪಸ್ ಘಾಟಿ ಹತ್ತಿ ಬಂದೆವು. ಅವತ್ತಿನಿಂದ ಆ ಬಾಟಲಿಗೆ ನಮ್ಮನೆಯಲ್ಲಿ ತೀರ್ಥದ ಸ್ಥಾನ. ಕಾರಿನಲ್ಲಿ ಸ್ಟೆಪ್ನಿ ಇಲ್ಲದಿದ್ದರೂ ಅಪ್ಪಯ್ಯ ಹೊರಡುತ್ತಿದ್ದರು, ಬ್ರೇಕ್ ಆಯಿಲ್ ಬಾಟಲಿ ಇಲ್ಲದೆ ಇಲ್ಲ.

ಮೂವತ್ತು ವರ್ಷ ಆದ ಮೇಲೆ ನನಗೆ ಅರ್ಥವಾದದ್ದು ಇಷ್ಟು: ಅವತ್ತು ನಮ್ಮನ್ನು ಕಾಪಾಡಿದ್ದು ಬಾಟಲಿ ಅಲ್ಲ, ಕಿತ್ತಳೆ ತಿಂದ ಅರ್ಧ ಗಂಟೆ. ಬ್ರೇಕ್ ಆಯಿಲ್ ಗಾಳಿಯಿಂದ ನೀರಿನ ಪಸೆ ಹೀರುತ್ತದೆ. ಅದು ಅದರ ಹುಟ್ಟುಗುಣ. ಡಾಟ್ 3 ಅನ್ನುವ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ಅದೇ ಆಯಿಲ್ 3.7 ಶೇಕಡಾ ನೀರು ಹೀರಿಕೊಂಡರೆ ಆ ಗೆರೆ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230 ಇದ್ದದ್ದು 155. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯ ಪಕ್ಕದಲ್ಲಿ, ಗೋಡೆ ಮೇಲಿನ ಕ್ಯಾಲೆಂಡರಿಗೂ ಬೂಷ್ಟು ಹಿಡಿಯುವ ಊರಿನಲ್ಲಿ, ಒಮ್ಮೆಯೂ ಬದಲಾಯಿಸದ ಆಯಿಲ್ ಎಷ್ಟು ನೀರು ಕುಡಿದಿರಬಹುದು? ಘಾಟಿಯಲ್ಲಿ ಚಕ್ರದ ಜೊತೆ ತಿರುಗುವ ಬ್ರೇಕ್ ಡ್ರಮ್ ಕಾದು, ಅದರೊಳಗೆ ಆಯಿಲ್ ತುಂಬಿರುವ ಸಿಲಿಂಡರ್ ಕಾದು, ಆಯಿಲಿನೊಳಗಿನ ನೀರು ಕುದಿದು ಆವಿಯಾಗಿದೆ. ಆವಿಯನ್ನು ಒತ್ತಿದರೆ ಅದು ಸ್ಪಂಜಿನ ಹಾಗೆ ಕುಗ್ಗುತ್ತದೆ, ಚಕ್ರಕ್ಕೆ ಬಲ ತಲುಪುವುದಿಲ್ಲ. ತಣ್ಣಗಾದಾಗ ಆವಿ ಮತ್ತೆ ನೀರಾಯಿತು, ಪೆಡಲ್ ಗಟ್ಟಿಯಾಯಿತು. ಅಷ್ಟೇ ಕತೆ. (ಘಾಟಿಯಲ್ಲಿ ಪೆಡಲ್ ಗಟ್ಟಿ ಇದ್ದೂ ಗಾಡಿ ನಿಲ್ಲದಿದ್ದರೆ ಅದು ಬೇರೆ ಕಾಯಿಲೆ, ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಲೈನರ್ ಕಾದು ಹಿಡಿತ ಬಿಟ್ಟಿರುತ್ತದೆ. ಎರಡನ್ನೂ 'ಬ್ರೇಕ್ ಫೇಲ್' ಅಂತಲೇ ಕರೆಯುತ್ತೇವೆ.)

ತುಂಬಿಸುತ್ತಾ ಹೋದದ್ದೇ ನಮ್ಮ ತಪ್ಪು. ಹೊಸ ಆಯಿಲನ್ನು ಹಳೇದರ ಮೇಲೆ ಸುರಿಯುವುದು ಹಳಸಿದ ಸಾರಿಗೆ ಹೊಸ ಒಗ್ಗರಣೆ ಕೊಟ್ಟ ಹಾಗೆ. ಮೇಲಿನ ಡಬ್ಬಿಯಲ್ಲಿ ಚೆಂದ ಕಾಣುತ್ತದೆ. ಕೆಳಗೆ ಚಕ್ರದ ಹತ್ತಿರ ಕೊಳೆ ಹಾಗೇ ಕೂತಿರುತ್ತದೆ.

ಒಂದು ಲೋಟ ನೀರು

ಸರಿ, ಎಂಟಾಣೆ ಕಲೆಗೆ ಬರುತ್ತೇನೆ. ಹಿಂದಿನ ಚಕ್ರದ ಕೆಳಗೆ ಒದ್ದೆ ಕಂಡರೆ ಅದು ಬ್ರೇಕ್ ಆಯಿಲೇ ಅಂತ ಹೇಳಲು ಬರುವುದಿಲ್ಲ. ಆಕ್ಸಲ್ ಒಳಗಿನ ಗೇರ್ ಆಯಿಲ್ ಕೂಡ ಸೀಲ್ ಸವೆದರೆ ಅದೇ ದಾರಿಯಲ್ಲಿ ಡ್ರಮ್ಮಿಗೆ ಬಂದು, ಅದೇ ಜಾಗದಲ್ಲಿ ತೊಟ್ಟಿಕ್ಕುತ್ತದೆ. ಧೂಳಿನ ಜೊತೆ ಸೇರಿದ ಮೇಲೆ ಎರಡೂ ಕಪ್ಪೇ. ನಾನು ಬೆರಳಲ್ಲಿ ಉಜ್ಜಿದೆ, ಮೂಸಿದೆ. ಗೇರ್ ಆಯಿಲ್ ಆದರೆ ಗಂಧಕದ ನಾತ ಬರಬೇಕು ಅಂತ ಓದಿದ್ದೆ. ನನ್ನ ಮೂಗಿಗೆ ಶೆಡ್ಡಿನ ಅಡಿಕೆ ವಾಸನೆ ಬಿಟ್ಟು ಏನೂ ಬರಲಿಲ್ಲ.

ಅಪ್ಪಯ್ಯ ಜಗಲಿಯಲ್ಲಿ ಕೂತಿದ್ದರು. "ಒಂದು ಗಾಜಿನ ಲೋಟದಲ್ಲಿ ನೀರು ತಗೊಂಬಾ," ಅಂದರು. "ಅದರೊಳಗೆ ಒಂದು ಹನಿ ಬಿಡು. ತೇಲ್ತಾ, ಕರಗ್ತಾ ಹೇಳು." ಅವರಿಗೆ ಕಾಣುವುದಿಲ್ಲ ಅಲ್ವಾ, ನಾನು ಹೇಳಬೇಕು. ಹನಿ ಬಿಟ್ಟೆ. ಕಪ್ಪು ನೂಲಿನ ಹಾಗೆ ಕೆಳಗಿಳಿದು, ಬಿಚ್ಚಿಕೊಂಡು, ನೀರಿನಲ್ಲಿ ಕಾಣದಂತೆ ಬೆರೆತುಹೋಯಿತು. "ಕರಗ್ತು ಅಪ್ಪಯ್ಯ." "ಹಂಗಾರೆ ಬ್ರೇಕ್ ಆಯಿಲೇ. ಗೇರ್ ಆಯಿಲ್ ಆಗಿದ್ರೆ ಬಣ್ಣ ಬಣ್ಣವಾಗಿ ಮೇಲೆ ನಿಲ್ತಿತ್ತು." ಅಮ್ಮ ಬಾಗಿಲಲ್ಲಿ ನಿಂತು ಇದೆಲ್ಲ ನೋಡಿ, "ಆ ಲೋಟ ಇನ್ನು ಒಳಗೆ ತರಬೇಡಿ" ಅಂದಳು. ತರಲಿಲ್ಲ. ಅದು ಈಗಲೂ ಶೆಡ್ಡಿನ ಗೂಡಿನಲ್ಲಿದೆ, ನನ್ನ ಲ್ಯಾಬೊರೇಟರಿ.

ನಿಜ ಹೇಳಬೇಕೆಂದರೆ ಅದನ್ನು ಆಯಿಲ್ ಅನ್ನುವುದೇ ತಪ್ಪು. ನೀರಿಗೆ ಬೆರೆಯುವುದು ಎಣ್ಣೆ ಹೇಗಾಗುತ್ತೆ? ಆದರೆ ನಮ್ಮ ಕಡೆ ಯಾವ ಗ್ಯಾರೇಜಿಗೆ ಹೋದರೂ ಅದು ಬ್ರೇಕ್ ಆಯಿಲೇ. ಶುರುವಿನ ಕಾಲದ ಬ್ರೇಕುಗಳಿಗೆ ಹರಳೆಣ್ಣೆಯನ್ನು ಸ್ಪಿರಿಟ್ಟಿನ ಜೊತೆ ಬೆರೆಸಿ ಹಾಕುತ್ತಿದ್ದರು, ಆಗ ಹೆಸರು ಸರಿಯಾಗಿತ್ತು. ಈಗಿನದು ಗ್ಲೈಕಾಲ್ ಜಾತಿಯದು. ಹೆಸರಿನಿಂದ ಆಗುವ ಅನಾಹುತವೂ ಇದೆ. ಆಯಿಲ್ ಅಂದರೆ ಆಯಿಲ್ ಅಂದುಕೊಂಡು ಯಾರಾದರೂ ಎಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರೆಲ್ಲ ನೆನೆಹಾಕಿದ ಕಡಲೆ ಥರ ಉಬ್ಬಿ, ಬ್ರೇಕ್ ಹಿಡಿದದ್ದು ಬಿಡುವುದೇ ಇಲ್ಲ. ಆಮೇಲೆ ಪೆಡಲಿನ ಬಲದಿಂದ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಹಿಡಿದು ಹೋಸ್ ಪೈಪಿನವರೆಗೆ ಒಂದೊಂದು ರಬ್ಬರನ್ನೂ ಬಿಸಾಕಬೇಕು.

ಇನ್ನೊಂದು ಗುಣ ನನಗೆ ಚಿಕ್ಕಂದಿನಲ್ಲೇ ಪರಿಚಯ. ಅಪ್ಪಯ್ಯನಿಗೆ ಸಹಾಯ ಮಾಡುತ್ತೇನೆ ಅಂತ ಹೋಗಿ ಬಾಟಲಿಯನ್ನು ಮಡ್ಗಾರ್ಡ್ ಮೇಲೆ ಉರುಳಿಸಿದ್ದೆ. ಬಟ್ಟೆಯಲ್ಲಿ ಒರೆಸಿದೆ, ಒರೆಸಿದಷ್ಟೂ ಹರಡಿತು. ಸಂಜೆ ಹೊತ್ತಿಗೆ ಬಿಳಿ ಪೇಂಟು ಸುಟ್ಟ ಹಪ್ಪಳದ ಹಾಗೆ ಗುಳ್ಳೆ ಎದ್ದಿತ್ತು. ಒರೆಸುವ ಬದಲು ಒಂದು ಕೊಡ ನೀರು ಸುರಿದಿದ್ದರೆ ಪೇಂಟು ಉಳಿಯುತ್ತಿತ್ತು. ಆ ಗುರುತಿನ ಮೇಲೆ ಎರಡು ಸಲ ಬಣ್ಣ ಬಳಿದರೂ ಬಿಸಿಲು ಓರೆಯಾಗಿ ಬಿದ್ದಾಗ ಅದು ಕಾಣುತ್ತದೆ.

ತುಟಿ

ಡ್ರಮ್ ಬಿಚ್ಚಲು ಅರ್ಧ ದಿನ. ತುಕ್ಕು ಹಿಡಿದು ಅಂಟಿಕೊಂಡಿತ್ತು. ಮರದ ಕೊಡತಿಯಿಂದ ಸುತ್ತ ತಟ್ಟಿ ತಟ್ಟಿ ಎಳೆದೆ. ಒಳಗೆ ಕೆಸರು. ಬ್ರೇಕ್ ಶೂ ಮೇಲಿನ ಲೈನರ್ ಆಯಿಲ್ ಕುಡಿದು ಕಪ್ಪಗಾಗಿತ್ತು. ಅದನ್ನು ಪೆಟ್ರೋಲಿನಲ್ಲಿ ತೊಳೆದು ಬೆಂಕಿ ಕೊಟ್ಟು ಮತ್ತೆ ಹಾಕುವವರಿದ್ದಾರೆ. ಎರಡು ದಿನ ಹಿಡಿಯುತ್ತೆ, ಆಮೇಲೆ ಒಳಗಿಂದ ಮತ್ತೆ ಜಿಡ್ಡು ಬರುತ್ತೆ. ಎರಡೂ ಹಿಂದಿನ ಚಕ್ರಕ್ಕೆ ಹೊಸ ಲೈನರ್ ಹಾಕಿಸುವುದೇ ಸರಿ, ಒಂದಕ್ಕೆ ಮಾತ್ರ ಹಾಕಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಹಳೇ ಲೈನರಿನ ಧೂಳಲ್ಲಿ ಕಲ್ನಾರು ಇರುವ ಸಾಧ್ಯತೆ ಜಾಸ್ತಿ, ಬಾಯಲ್ಲಿ ಊದಬೇಡಿ. ನಾನು ಒದ್ದೆ ಬಟ್ಟೆಯಲ್ಲಿ ಒರೆಸಿದೆ.

ಎರಡು ಬ್ರೇಕ್ ಶೂಗಳ ಮೇಲ್ತುದಿಗಳ ಮಧ್ಯೆ ಕೂತು ಅವನ್ನು ಡ್ರಮ್ಮಿಗೆ ಒತ್ತುವುದು ವೀಲ್ ಸಿಲಿಂಡರ್. ನೋಡಲು ಹೆಬ್ಬೆರಳಿನಷ್ಟು ದಪ್ಪದ ಕಬ್ಬಿಣದ ಕೊಳವೆ. ಒಳಗೆ ಎರಡು ಪಿಸ್ಟನ್, ಬಟ್ಟಲಿನಾಕಾರದ ಎರಡು ರಬ್ಬರ್ ಕಪ್ಪು (ಬಣ್ಣ ಅಲ್ಲ, ಇಂಗ್ಲಿಷಿನ ಕಪ್), ಮಧ್ಯೆ ಒಂದು ಸ್ಪ್ರಿಂಗು. ಎರಡೂ ತುದಿಗೆ ಧೂಳು ತಡೆಯುವ ರಬ್ಬರ್ ಟೊಪ್ಪಿ. ಟೊಪ್ಪಿಯ ಅಂಚನ್ನು ಸ್ಕ್ರೂಡ್ರೈವರಿನಿಂದ ಎತ್ತಿದರೆ ಅಡಿಕೆ ಬೇಯಿಸಿದ ಚೊಗರಿನ ಬಣ್ಣದ ನೀರು ಸುರಿಯಿತು. ಹೊಸ ಆಯಿಲ್ ಜೇನಿನ ಬಣ್ಣಕ್ಕಿಂತ ತಿಳಿಯಾಗಿರುತ್ತದೆ. ಇದು ಅಪ್ಪಟ ಚೊಗರು. ತಲೆಮೇಲೆ ಡಬ್ಬಿಯಲ್ಲಿ ಜೇನು, ಪಾದದಲ್ಲಿ ಚೊಗರು.

ಆಗ ಗೊತ್ತಾಯಿತು ನಿಂತಾಗ ಯಾಕೆ ಸೋರುತ್ತೆ ಅಂತ. ಆ ರಬ್ಬರ್ ಕಪ್ಪನ್ನು ಕೈಯಲ್ಲಿ ಹಿಡಿದು ನೋಡಬೇಕು. ಅದಕ್ಕೊಂದು ತೆಳು ತುಟಿ ಇರುತ್ತದೆ, ಹೊರಕ್ಕೆ ಬಾಗಿದ್ದು. ಕಾಲಿನಿಂದ 20 ಕೆ.ಜಿ. ಬಲ ಹಾಕಿದಿರಿ ಅಂತ ಇಟ್ಟುಕೊಳ್ಳಿ. ಪೆಡಲಿನ ಸನ್ನೆ ಅದನ್ನು ಐದು ಪಟ್ಟು ಮಾಡಿದರೆ 100 ಕೆ.ಜಿ. ಮಾಸ್ಟರ್ ಸಿಲಿಂಡರಿನ ಬೋರ್, ಅಂದರೆ ಒಳಗಿನ ತೂತಿನ ಅಗಲ, 19 ಮಿಲಿಮೀಟರ್ ಇದ್ದರೆ ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 35 ಕೆ.ಜಿ. ಟೈರಿನ ಗಾಳಿ 2 ಕೆ.ಜಿ. ಆಸುಪಾಸು ಅನ್ನುವುದನ್ನು ನೆನಪಿಟ್ಟುಕೊಂಡರೆ ಇದು ಎಷ್ಟು ಅಂತ ಅಂದಾಜಾಗುತ್ತದೆ. ಅಷ್ಟು ಒತ್ತಡವನ್ನು ಈ ಮೆತ್ತನೆ ತುಟಿ ಹೇಗೆ ತಡೆಯುತ್ತೆ? ಒತ್ತಡವೇ ತುಟಿಯನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಜೋರಾಗಿ ಒತ್ತಿದಷ್ಟೂ ಬಿಗಿ. ಕಾಲು ತೆಗೆದರೆ ತುಟಿ ಸಡಿಲ. ಹೊಸ ರಬ್ಬರಾದರೆ ತನ್ನ ಬಿಗುವಿನಲ್ಲೇ ಗೋಡೆಗೆ ಒರಗಿರುತ್ತದೆ. ಹಳೇದಾದರೆ, ಚಳಿಗೆ ಸೆಟೆದರೆ, ಗೋಡೆ ನುಣುಪಾಗಿಲ್ಲದಿದ್ದರೆ, ರಾತ್ರಿಯಿಡೀ ಹನಿಹನಿ ಜಿನುಗುತ್ತದೆ. ಡ್ರಮ್ ಬ್ರೇಕಿನ ಎಷ್ಟೋ ಹಳೇ ಗಾಡಿಗಳಲ್ಲಿ ಇದಕ್ಕಾಗಿಯೇ ಮಾಸ್ಟರ್ ಸಿಲಿಂಡರಿನ ಬಾಯಲ್ಲಿ ಒಂದು ಚಿಕ್ಕ ವಾಲ್ವ್ ಇಡುತ್ತಿದ್ದರು. ಕಾಲು ತೆಗೆದ ಮೇಲೂ ಪೈಪಿನಲ್ಲಿ ಚೂರು ಒತ್ತಡ ಉಳಿಯಲಿ, ತುಟಿ ಒರಗಿಯೇ ಇರಲಿ ಅಂತ.

ಈ ತಲೆನೋವು ಬ್ರೇಕಿನಷ್ಟೇ ಹಳೇದು. ಮಾಲ್ಕಮ್ ಲಾಕ್‌ಹೀಡ್ ಅನ್ನುವವರು ಹೀಗೆ ದ್ರವದ ಒತ್ತಡದಿಂದ ಹಿಡಿಯುವ ಬ್ರೇಕಿನ ಪೇಟೆಂಟ್ ತಗೊಂಡದ್ದು 1917ರಲ್ಲಿ. 1921ರ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಬಂತು. ಆಗ ಕಪ್ಪುಗಳು ಚರ್ಮದವು, ಒಣಗಿ ಸೋರುತ್ತಿದ್ದವು. 1924ರ ಕ್ರೈಸ್ಲರಿನಲ್ಲಿ ರಬ್ಬರ್ ಕಪ್ಪು ಬಂದ ಮೇಲೆ ಜನ ನಂಬಿದರು.

ಸಿಲಿಂಡರನ್ನು ಕಳಚಿ ತೊಳೆದು, ಬೋರಿನೊಳಗೆ ಟಾರ್ಚ್ ಬಿಟ್ಟೆ. ಗೋಡೆಯ ಸುತ್ತ ಎರಡು ಕರಿ ಉಂಗುರ. ಸಣ್ಣ ಸಣ್ಣ ಗುಂಡಿಗಳ ಸಾಲು, ಕೆಳಮಗ್ಗುಲಲ್ಲಿ ಜಾಸ್ತಿ. ಕಪ್ಪನ್ನು ವಾಪಸ್ ಇಟ್ಟು ನೋಡಿದೆ. ಉಂಗುರ ಸರಿಯಾಗಿ ತುಟಿ ಕೂರುವ ಜಾಗದಲ್ಲೇ ಇತ್ತು. ಏಳು ವರ್ಷ ಕಪ್ಪು ಅಲ್ಲಾಡದೆ ಒಂದೇ ಕಡೆ ಕೂತಿದೆ, ಅದರ ತುಟಿಯಡಿ ನೀರು ನಿಂತಿದೆ, ಕಬ್ಬಿಣ ಅಲ್ಲೇ ಕೊರೆದುಹೋಗಿದೆ. ಅಪ್ಪಯ್ಯ ದಿನಾ ಓಡಿಸುತ್ತಿದ್ದಾಗ ಆ ಕಪ್ಪು ದಿನಕ್ಕೆ ನೂರು ಸಲ ಆ ಗೋಡೆಯನ್ನು ಒರೆಸುತ್ತಿತ್ತು. ಕಾರು ನಿಲ್ಲಿಸಿದ ವರ್ಷಗಳನ್ನು ಯಾರೋ ಒಳಗೆ ಕೂತು ಗುರುತು ಹಾಕಿಟ್ಟ ಹಾಗಿತ್ತು. ನಾನು ಅಪ್ಪಯ್ಯನ ಬೆರಳು ಹಿಡಿದು ಬೋರಿನೊಳಗೆ ತೂರಿಸಿದೆ. ಕಿರುಬೆರಳು ಸರಿಯಾಗಿ ಹೋಯಿತು. ಉಂಗುರದ ಮೇಲೆ ಉಗುರು ತಡೆದು ನಿಂತಿತು. ಅವರು ಏನೂ ಹೇಳಲಿಲ್ಲ. ಕೈ ಒರೆಸಿಕೊಂಡು ಜಗಲಿಗೆ ಹೋದರು.

ನಾನು ಅಲ್ಲಿಗೇ ಪಾಠ ಕಲಿಯಬೇಕಿತ್ತು. ಕಲಿಯಲಿಲ್ಲ. ಹೊಸ ರಬ್ಬರುಗಳ ಕಿಟ್ ತಂದು, ನೀರು ಹಾಕಿ ಉಜ್ಜುವ ಮರಳು ಕಾಗದದಲ್ಲಿ ಬೋರನ್ನು ಉಜ್ಜಿ ಫಳಫಳ ಮಾಡಿ, ಹೊಸ ಕಪ್ಪು ಹಾಕಿದೆ. ಎಂಟಾಣೆ ಮಾಯ. ಎಲ್ಲರಿಗೂ ಹೇಳಿಕೊಂಡು ಬಂದೆ. ನಲವತ್ತು ದಿನಕ್ಕೆ ಎಂಟಾಣೆ ವಾಪಸ್. ಪೇಟೆಯ ಗ್ಯಾರೇಜಿನ ಮೇಸ್ತ್ರಿ ಹತ್ತಿರ ಸಿಲಿಂಡರ್ ಒಯ್ದರೆ ಅವರು ನೋಡಲೂ ಇಲ್ಲ, ಉಗುರು ಹಾಕಿ ಎಳೆದು, "ಉಗುರು ಸಿಕ್ಕಿಕೊಂಡ್ರೆ ಮುಗೀತು ಅಂತ ಲೆಕ್ಕ. ಹೊಸ ಕಪ್ಪು ಏನ್ ಮಾಡತ್ತೆ, ಗೋಡೆನೇ ಇಲ್ಲದಿದ್ರೆ?" ಅಂದರು. ಅಪ್ಪಯ್ಯನಿಗೂ ಅವತ್ತೇ ಗೊತ್ತಾಗಿತ್ತು. ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ, "ನೀನು ಉಜ್ಜೋಕೆ ಶುರು ಮಾಡಿದ್ದೆ" ಅಂದರು.

ಫೆಬ್ರವರಿಯಲ್ಲಿ ಆಫೀಸಿನ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ ಕಳೆದೆ. ಹಳೇ ಗಾಡಿಯ ಪಾರ್ಟ್ ಹುಡುಕುವುದೆಂದರೆ ಸಂಬಂಧ ಹುಡುಕಿದ ಹಾಗೆ. ಒಂದು ಅಂಗಡಿಯವರು ಇನ್ನೊಂದು ಅಂಗಡಿ ಹೇಳುತ್ತಾರೆ, ಅವರು ಮತ್ತೊಂದು. ಕೊನೆಗೆ ಒಂದು ಮಾಳಿಗೆ ಅಂಗಡಿಯಲ್ಲಿ, ಗ್ರೀಸ್ ಕಾಗದ ಸುತ್ತಿದ ಎರಡು ವೀಲ್ ಸಿಲಿಂಡರ್ ಸಿಕ್ಕವು. ಹೊಸವೇ, ಆದರೆ ಎಷ್ಟು ವರ್ಷದಿಂದ ಅಲ್ಲಿದ್ದವೋ. ಕಬ್ಬಿಣ ಹಾಗೇ ಇತ್ತು, ಒಳಗಿನ ಕಪ್ಪು ಹಿಂಡಿದರೆ ಬಿರುಕು ಬಿಟ್ಟಿತು. ಬಳಸದೆ ಇಟ್ಟ ರಬ್ಬರಿಗೂ ವಯಸ್ಸಾಗುತ್ತದೆ. ಸಿಲಿಂಡರ್ ತಗೊಂಡು, ಕಪ್ಪು ಬೇರೆ ಹೊಸದು ತಗೊಂಡೆ. ಮೂರೂ ಹೋಸ್ ಪೈಪ್ ತಗೊಂಡೆ. ಹಳೇ ಹೋಸ್ ಹೊರಗಿಂದ ಚೆನ್ನಾಗಿ ಕಂಡರೂ ಒಳಗೆ ಉಬ್ಬಿ ಮುಚ್ಚಿಕೊಂಡಿರುತ್ತದೆ, ಆಯಿಲ್ ಹೋಗುತ್ತದೆ, ವಾಪಸ್ ಬರುವುದಿಲ್ಲ.

ತಾಮ್ರದ ವಾಷರ್ ಮಾತ್ರ ತರಲು ಮರೆತೆ. ಪೈಪು ಸೇರುವ ಕಡೆ ಇರುವ ಈ ಬಿಲ್ಲೆಗಳು ಒಮ್ಮೆ ಬಿಗಿದರೆ ಗಟ್ಟಿಯಾಗಿಬಿಡುತ್ತವೆ, ಮತ್ತೆ ಹಾಕಿದರೆ ಜಿನುಗುತ್ತವೆ. ಆದರೆ ಅದಕ್ಕೆ ಮದ್ದಿದೆ. ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಮೆತ್ತಗಾಗುತ್ತದೆ. ಕತ್ತಿ ಹದ ಮಾಡುವುದನ್ನು ನೋಡಿ ಬೆಳೆದವರಿಗೆ ಇದು ತಲೆಕೆಳಗು ಅನ್ನಿಸುತ್ತೆ. ಉಕ್ಕನ್ನು ಹೀಗೆ ಮಾಡಿದರೆ ಗಟ್ಟಿ, ತಾಮ್ರವನ್ನು ಮಾಡಿದರೆ ಮೆತ್ತಗೆ. ಅಮ್ಮನ ಒಲೆ ಮೇಲೆ, ಅಮ್ಮನ ಇಕ್ಕಳದಲ್ಲಿ ಹಿಡಿದು ಕಾಯಿಸಿದೆ. ಅವಳು ಹಿಂದೆ ನಿಂತು, "ಅದಕ್ಕೂ ಒಗ್ಗರಣೆ ಹಾಕಬೇಕಾ?" ಅಂದಳು.

ಅಪ್ಪಯ್ಯನ ಕಾಲು

ಬ್ರೇಕಿನ ಕೆಲಸದಲ್ಲಿ ಒಬ್ಬರಿಂದ ಆಗದ್ದು ಏರ್ ತೆಗೆಯುವುದು, ಅಂದರೆ ಪೈಪಿನೊಳಗೆ ಸೇರಿದ ಗಾಳಿಯನ್ನು ಹೊರಹಾಕುವುದು. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಕೂತು ಗಾಳಿ ಬಿಡುವ ತಿರುಪು, ಅಂದರೆ ನಿಪ್ಪಲ್, ಬಿಚ್ಚಿ ಮುಚ್ಚಬೇಕು. ಮನೆಯಲ್ಲಿದ್ದದ್ದು ಅಮ್ಮ, ಅಪ್ಪಯ್ಯ. ಅಮ್ಮ ಕಾರಿನ ಬಲಬದಿಯಲ್ಲಿ ಯಾವತ್ತೂ ಕೂತವಳಲ್ಲ. ಅಪ್ಪಯ್ಯನನ್ನು ಕೈ ಹಿಡಿದು ಕರೆತಂದು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಏಳು ವರ್ಷದ ಮೇಲೆ ಕೂತದ್ದು. ಅವರ ಕೈ ತಾನಾಗಿ ಗೇರಿನ ಕಡ್ಡಿಗೆ ಹೋಯಿತು, ನ್ಯೂಟ್ರಲ್ಲಿನಲ್ಲಿದೆಯಾ ಅಂತ ಆಡಿಸಿ ನೋಡಿದರು. ಕನ್ನಡಿಯನ್ನು ಸರಿ ಮಾಡಿಕೊಂಡರು. ಕನ್ನಡಿಯಲ್ಲಿ ಅವರಿಗೆ ಏನು ಕಂಡಿತೋ.

ದೂರದ ಚಕ್ರದಿಂದ ಶುರು ಮಾಡಬೇಕು, ಅಂದರೆ ಹಿಂದಿನ ಎಡಚಕ್ರ. ನಿಪ್ಪಲಿಗೆ ಪ್ಲಾಸ್ಟಿಕ್ ಟ್ಯೂಬು, ಟ್ಯೂಬಿನ ತುದಿ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಬೇಕು. "ಒತ್ತಿ." ನಿಪ್ಪಲ್ ಬಿಚ್ಚುತ್ತೇನೆ. ಗುಳುಗುಳು ಅಂತ ಚೊಗರು ಬರುತ್ತದೆ. ನಿಪ್ಪಲ್ ಮುಚ್ಚುತ್ತೇನೆ. "ಬಿಡಿ." ಮತ್ತೆ "ಒತ್ತಿ." ಒಂದು ಚಕ್ರಕ್ಕೆ ಮೂವತ್ತು ನಲವತ್ತು ಸಲ. ನಡುನಡುವೆ ಎದ್ದು ಮೇಲಿನ ಡಬ್ಬಿ ಖಾಲಿಯಾಗದಂತೆ ತುಂಬಿಸುವುದು, ಇಲ್ಲದಿದ್ದರೆ ಮತ್ತೆ ಗಾಳಿ ಹೋಗಿ ಮೊದಲಿನಿಂದ ಶುರು. ನಿಧಾನಕ್ಕೆ ಚೊಗರು ಟೀ ಆಯಿತು, ಟೀ ಜೇನಾಯಿತು. ನನ್ನ ದನಿಗೆ ಅವರ ಕಾಲು ಎಷ್ಟು ಸರಿಯಾಗಿ ಹೊಂದಿಕೊಂಡಿತೆಂದರೆ ಕೊನೆಗೆ ನಾನು ಹೇಳುವುದೇ ಬೇಕಾಗಲಿಲ್ಲ. ಸ್ಪ್ಯಾನರ್ ಸದ್ದು ಕೇಳಿ ಒತ್ತುತ್ತಿದ್ದರು, ಸದ್ದು ಕೇಳಿ ಬಿಡುತ್ತಿದ್ದರು. ಸಂಜೆಗೆ ನಾಲ್ಕೂ ಚಕ್ರ ಮುಗಿಯಿತು. ಪೆಡಲ್ ಮೇಲೇ ನಿಂತಿತು. ಎಲ್ಲೂ ಒದ್ದೆ ಇಲ್ಲ.

ಮಾರನೇ ದಿನ ಅಪ್ಪಯ್ಯ ತಾವಾಗಿಯೇ ಗೋಡೆ ಹಿಡಿದುಕೊಂಡು ಶೆಡ್ಡಿಗೆ ಬಂದು ಸೀಟಿನಲ್ಲಿ ಕೂತರು. ಪೆಡಲ್ ಮೇಲೆ ಕಾಲಿಟ್ಟು ಸುಮ್ಮನಿದ್ದರು. ಒಂದು ನಿಮಿಷ ಆದ ಮೇಲೆ ಅಂದರು: "ಕೂರ್ತಾ ಇದೆ."

ನಾನು ಚಕ್ರಗಳನ್ನು ನೋಡಿದೆ. ಒಣ. ಪೈಪಿನ ಗಂಟುಗಳನ್ನೆಲ್ಲ ಬೆರಳಲ್ಲಿ ಮುಟ್ಟಿದೆ. ಒಣ. ಡಬ್ಬಿಯಲ್ಲಿ ಪೆನ್ಸಿಲ್ ಗೆರೆ ಹಾಕಿದ್ದೆ, ಆಯಿಲ್ ಗೆರೆಯಲ್ಲೇ ಇತ್ತು. "ಏನೂ ಸೋರ್ತಿಲ್ಲ ಅಪ್ಪಯ್ಯ." "ಜೋರಾಗಿ ಒತ್ತಿದ್ರೆ ನಿಲ್ಲತ್ತೆ. ಮೆತ್ತಗೆ ಇಟ್ಟುಕೊಂಡ್ರೆ ಇಳೀತಾ ಹೋಗತ್ತೆ. ನಿಂಗೆ ಗೊತ್ತಾಗಲ್ಲ, ನೀನು ಒದೀತೀಯ." ನಾನು ಕೂತು, ಮೊಟ್ಟೆ ಮೇಲೆ ಕಾಲಿಟ್ಟ ಹಾಗೆ ಪೆಡಲ್ ಮೇಲೆ ಕಾಲಿಟ್ಟೆ. ಹೌದು. ಗಡಿಯಾರದ ಮುಳ್ಳಿನ ಹಾಗೆ, ಚಲಿಸುತ್ತಿದೆ ಅಂತಲೇ ಗೊತ್ತಾಗದೆ, ಇಳಿಯುತ್ತಿತ್ತು.

ಹೊರಗೆ ಒಂದು ಹನಿಯೂ ಬೀಳದ ಸೋರಿಕೆ ಇದು. ಮಾಸ್ಟರ್ ಸಿಲಿಂಡರಿನೊಳಗಿನ ಕಪ್ಪಿನ ತುಟಿ ಹರಿದರೆ ಆಯಿಲ್ ಮುಂದೆ ಹೋಗುವ ಬದಲು ತುಟಿಯ ಪಕ್ಕದಿಂದ ಹಿಂದಕ್ಕೆ ಜಾರಿ ಡಬ್ಬಿಗೇ ಸೇರುತ್ತದೆ. ನೆಲ ನೋಡಿದರೆ ಸಿಗುವುದಿಲ್ಲ, ಡಬ್ಬಿ ನೋಡಿದರೂ ಸಿಗುವುದಿಲ್ಲ. ಕಾಲಿಗೆ ಮಾತ್ರ ಸಿಗುತ್ತದೆ. ನಮ್ಮ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಆಯಿಲ್ ಹೋಗುವುದು ಒಂದೇ ಪೈಪಿನ ಸಾಲಿನಲ್ಲಿ. ಅಮೆರಿಕದ ಕಾರುಗಳಲ್ಲಿ 1960ರ ದಶಕದ ಕೊನೆಗೇ ಎರಡು ಸಾಲು ಕಡ್ಡಾಯವಾಗಿತ್ತು, ಒಂದು ಹ್ಯಾಂಡು ಕೊಟ್ಟರೆ ಇನ್ನೊಂದು ಉಳಿಯಲಿ ಅಂತ. ನಮ್ಮದರಲ್ಲಿ ಮಾಸ್ಟರ್ ಹೋದರೆ ಎಲ್ಲ ಹೋಯಿತು.

ಹಿಂದಿನ ದಿನದವರೆಗೂ ಚೆನ್ನಾಗಿದ್ದ ಕಪ್ಪು ಹರಿದದ್ದು ಹೇಗೆ? ಹರಿದದ್ದು ನಾನೇ, ಅಪ್ಪಯ್ಯನ ಕಾಲಿನಿಂದ. ದಿನನಿತ್ಯ ಓಡಿಸುವಾಗ ಪೆಡಲ್ ಅರ್ಧದವರೆಗೂ ಹೋಗುವುದಿಲ್ಲ. ಅಷ್ಟು ದೂರದ ಗೋಡೆ ಮಾತ್ರ ನುಣುಪು. ಅದರಾಚೆ ಪಿಸ್ಟನ್ ಹೋಗದ ಜಾಗದಲ್ಲಿ ತುಕ್ಕು, ಕಸ ಕೂತಿರುತ್ತದೆ. ಏರ್ ತೆಗೆಯುವಾಗ ನಿಪ್ಪಲ್ ಬಿಚ್ಚಿದ ತಕ್ಷಣ ಪೆಡಲ್ ನೆಲದವರೆಗೂ ಹೋಗುತ್ತದೆ, ಮೆತ್ತನೆ ತುಟಿ ಆ ತುಕ್ಕಿನ ಮೇಲೆ ಉಜ್ಜಿ ಬರುತ್ತದೆ. ಅದೂ ನೂರೈವತ್ತು ಸಲ. ಮೇಸ್ತ್ರಿ ಹತ್ತಿರ ಹೇಳಿದರೆ ನಕ್ಕರು. "ನಮ್ಮ ಗ್ಯಾರೇಜಲ್ಲಿ ಪೆಡಲ್ ಕೆಳಗೆ ಮರದ ತುಂಡು ಇಡೋದು ನೋಡಿಲ್ವಾ ನೀವು?" ನೋಡಿದ್ದೆ. ಚಿಕ್ಕಂದಿನಿಂದ ನೋಡಿದ್ದೆ. ಡ್ರೈವರ್ ಕಾಲಿಡಲು ಮಣೆ ಅಂದುಕೊಂಡಿದ್ದೆ.

ಮಾಸ್ಟರ್ ಸಿಲಿಂಡರಿಗೆ ಹೊಸದು ಸಿಗಲಿಲ್ಲ. ಶಿವಮೊಗ್ಗದ ಒಂದು ಲೇತ್ ಅಂಗಡಿಯಲ್ಲಿ ಬೋರ್ ದೊಡ್ಡದು ಮಾಡಿಸಿ ಒಳಗೊಂದು ಹಿತ್ತಾಳೆಯ ಸ್ಲೀವ್, ಅಂದರೆ ತೆಳು ಕೊಳವೆ, ಕೂರಿಸಿದೆ. ಹಿತ್ತಾಳೆಗೆ ತುಕ್ಕು ಹಿಡಿಯುವುದಿಲ್ಲ. ಎರಡು ಸಲ ಅಳತೆ ತಪ್ಪಿತು, ಮೂರನೆಯದಕ್ಕೆ ಸರಿಯಾಯಿತು. ಏಪ್ರಿಲ್ ಕೊನೆಗೆ ಮತ್ತೆ ಅಪ್ಪಯ್ಯನನ್ನು ಸೀಟಿನಲ್ಲಿ ಕೂರಿಸಿ ಏರ್ ತೆಗೆದೆವು, ಈ ಸಲ ಪೆಡಲ್ ಕೆಳಗೆ ಅಮ್ಮನ ಹಳೇ ಮಣೆಯ ಕಾಲು ಕತ್ತರಿಸಿ ಇಟ್ಟುಕೊಂಡು. ಮುಗಿದ ಮೇಲೆ ಅವರು ಕಾಲನ್ನು ಪೆಡಲ್ ಮೇಲೆ ಬಹಳ ಹೊತ್ತು ಇಟ್ಟುಕೊಂಡರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅಡಿಕೆ ತೋಟದ ಕಡೆಯಿಂದ ಪಂಪಿನ ಸದ್ದು ಬರುತ್ತಿತ್ತು. "ಹ್ಞೂಂ," ಅಂದರು.

ಈಗ ಎರಡು ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಹಳೇ ಆಯಿಲ್ ಪೂರ್ತಿ ತೆಗೆದು ಹೊಸದು ಹಾಕುತ್ತೇವೆ. ವಾರಕ್ಕೆರಡು ಸಲ, ಕೆಲಸ ಇರಲಿ ಬಿಡಲಿ, ಕಾರು ಪೇಟೆಗೆ ಹೋಗಿ ಬರುತ್ತದೆ. ಅಪ್ಪಯ್ಯ ಪಕ್ಕದ ಸೀಟಿನಲ್ಲಿರುತ್ತಾರೆ. ನಾನು ಬ್ರೇಕ್ ಹಾಕುವ ಮೊದಲೇ ಅವರ ಬಲಗಾಲು ಮ್ಯಾಟಿನ ಮೇಲೆ ಒತ್ತುತ್ತದೆ.

ರಾತ್ರಿ ಕಾರಿನ ಕೆಳಗೆ ಪೇಪರ್ ಹಾಸುವ ಅಭ್ಯಾಸ ಮಾತ್ರ ಬಿಟ್ಟಿಲ್ಲ. ನೆಲದ ಮೇಲಿನ ಕಲೆಗಿಂತ ಪೇಪರಿನ ಮೇಲಿನದು ಬೇಗ ಕಾಣುತ್ತದೆ. ಇದರಿಂದ ಮನೆಯಲ್ಲೊಂದು ಜಗಳ. ಅಪ್ಪಯ್ಯನಿಗೆ ದಿನಾ ಸಂಜೆ ಪೇಪರ್ ಓದಿ ಹೇಳಬೇಕು. ನಾನು ಕೆಲಸದ ಗಡಿಬಿಡಿಯಲ್ಲಿ ಓದದೆಯೇ ಒಯ್ದು ಹಾಸಿಬಿಡುತ್ತೇನೆ. ಮೊನ್ನೆ ರಾತ್ರಿ ಒಂಬತ್ತು ಗಂಟೆಗೆ ಟಾರ್ಚ್ ಹಿಡಿದು ಕಾರಿನ ಕೆಳಗಿಂದ ಹಾಳೆ ಎಳೆದು ತಂದೆ. ಒಣಗಿತ್ತು. ಜಗಲಿಯಲ್ಲಿ ಕೂತು ಅಡಿಕೆ ಧಾರಣೆ ಓದಿ ಹೇಳಿ, ವಾಪಸ್ ಒಯ್ದು ಹಾಸಿದೆ.